ಅಜ್ಜಿಗೆ ಗಾಡಿಯಲ್ಲಿ ಎರಡು ಜಾಗ

ಜೂನ್ ೧೨

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ನನ್ನ ಹೋದ ಪತ್ರಕ್ಕೆ ನೀವು ಒಂದು ಕಾರ್ಡಿನಲ್ಲಿ ಮೂರೇ ಸಾಲು ಬರೆದು ಕೈತೊಳೆದುಕೊಂಡಿದ್ದೀರಿ. ಊರವರ ಪುಸ್ತಕಗಳಿಗೆಲ್ಲ ರಟ್ಟು ಕಟ್ಟುವವರು ಬರೆಯುವುದರಲ್ಲಿ ಇಷ್ಟು ಜಿಪುಣರಾದರೆ ಹೇಗೆ? ಇರಲಿ, ಇವತ್ತು ನಾನೇ ಉದ್ದಕ್ಕೆ ಬರೆಯುತ್ತೇನೆ. ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಎಂಟನೇ ತರಗತಿಗೆ ಇತಿಹಾಸದ ಪಾಠ ಊಟದ ನಂತರದ ಪೀರಿಯಡ್ಡಿನಲ್ಲಿ. ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಅರ್ಧ ಮಕ್ಕಳು ಚೆನ್ನಾಗಿ ಕಲಿತಿದ್ದಾರೆ. ಹೋದ ವಾರ ನಮ್ಮದೇ ಊರಿನ ಪಾಠ ಬಂತು. ಇನ್ನೂರು ವರ್ಷದ ಹಿಂದೆ ನದಿ ದಿಕ್ಕು ಬದಲಿಸಿ ಹಳೇ ಪಟ್ಟಣದ ದಂಡೆಯನ್ನು ಕೊರೆಯತೊಡಗಿತು. ಜನ ಗಾಡಿ ಕಟ್ಟಿಕೊಂಡು ಗುಡ್ಡ ದಾಟಿ ಬಂದು ಈ ಊರು ಕಟ್ಟಿದರು. ಪುಸ್ತಕದಲ್ಲಿ ಇದಕ್ಕೆ ಐದು ಸಾಲು. 'ಜನರು ತಮ್ಮ ಸಾಮಾನುಗಳೊಂದಿಗೆ ಸ್ಥಳಾಂತರಗೊಂಡರು' ಎಂದು ನಾನು ಓದಿದಾಗ ಕಿಟಕಿಯ ಪಕ್ಕದ ಒಬ್ಬ ಹುಡುಗಿ ಎದ್ದು ನಿಂತು, "ಏನೇನ್ ಸಾಮಾನು ಮಿಸ್?" ಅಂದಳು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಸಾಲನ್ನು ಓದಿಸಿದ್ದೇನೆ, ಒಮ್ಮೆಯೂ ಆ ಗಾಡಿಯೊಳಗೆ ಇಣುಕಿ ನೋಡಿರಲಿಲ್ಲ.

ಮನೆಗೆ ಬಂದು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಒಂದು ಆಟ ಬರೆದೆ. ಒಂದು ಅಂಚಿಗೆ ಹಳೇ ಪಟ್ಟಣ, ಇನ್ನೊಂದು ಅಂಚಿಗೆ ಹೊಸ ಊರು, ನಡುವೆ ಗುಡ್ಡದ ದಾರಿ. ಆಡುವವರೆಲ್ಲ ಒಂದೊಂದು ಮನೆತನ: ನೇಕಾರರು, ಕುಂಬಾರರು, ಗಾಣದವರು, ದೋಣಿಯವರು, ವೈದ್ಯರು. ಆಡುವವರು ಗಾಡಿಯ ಮುಂದೆ ಕೂತು ಹೊಡೆಯುತ್ತಾರೆ, ಹಿಂದೆ ಸಾಮಾನಿಗೆ ಆರು ಜಾಗ. ಮಗ್ಗ ಮೂರು ಜಾಗ ಹಿಡಿಯುತ್ತದೆ, ಬೀಜದ ಮೂಟೆ ಒಂದು, ಮನೆಯ ಬಾಗಿಲು ಮೂರು, ಅಜ್ಜಿ ಎರಡು. ಅಜ್ಜಿ ಮಲಗಿಕೊಂಡು ಬರಬೇಕಲ್ಲ. ಪ್ರತಿ ಸುತ್ತಿಗೂ ನದಿ ಹಲಗೆಯ ಒಂದು ಪಟ್ಟಿಯನ್ನು ತಿಂದುಬಿಡುತ್ತದೆ. ನನ್ನ ತಾಪತ್ರಯ ಅಲ್ಲೇ ಇರುವುದು. ಪ್ರತಿ ಸುತ್ತಿಗೂ ಕ್ಯಾಲೆಂಡರನ್ನು ಕತ್ತರಿಸುತ್ತಾ ಹೋದರೆ ಒಂದು ಆಟಕ್ಕೆ ಒಂದು ವರ್ಷ ಖರ್ಚಾಗುತ್ತದೆ. ಪಟ್ಟಿಪಟ್ಟಿಯಾಗಿ ಬಿಚ್ಚಿಕೊಳ್ಳುವ, ಮತ್ತೆ ಕೂಡಿಕೊಳ್ಳುವ ಹಲಗೆ ಬೇಕು. ನೀವಲ್ಲದೆ ಇನ್ನಾರು ಮಾಡಿಕೊಟ್ಟಾರು?

ಹೆಡ್‌ಮಿಸ್ ಅರ್ಧವಾರ್ಷಿಕ ಪರೀಕ್ಷೆಯವರೆಗೆ ಆಡಿಸಲು ಒಪ್ಪಿದ್ದಾರೆ. ಅಂಕ ಇಳಿದರೆ ಆಟ ಬೀರುವಿಗೆ, ನಾನು ಮತ್ತೆ ನೋಟ್ಸ್ ಬರೆಸುವುದಕ್ಕೆ.

ಕೊನೆಗೆ ಪ್ರತಿ ಪತ್ರದಲ್ಲೂ ಕೇಳುವ ಮಾತು. ನಿಮ್ಮ ಮಗ ತೀರಿಹೋಗಿ ನಾಲ್ಕು ವರ್ಷವಾಯಿತು. ಅಲ್ಲಿ ನೀವೊಬ್ಬರು, ಇಲ್ಲಿ ನಾನೊಬ್ಬಳು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆ ಖಾಲಿ ಇದೆ, ಬೆಳಕು ಚೆನ್ನಾಗಿ ಬೀಳುತ್ತದೆ. ನಿಮ್ಮ ಬೈಂಡಿಂಗ್ ಕೆಲಸ ಇಲ್ಲಿಯೂ ನಡೆಯುತ್ತದೆ. ಬಂದುಬಿಡಿ.

ನಿಮ್ಮ ಸೊಸೆ

ಜೂನ್ ೨೨

ಟೀಚರಮ್ಮನಿಗೆ,

ನಾನು ಜಿಪುಣಿಯಲ್ಲ. ಬೆಳಗಿನಿಂದ ಸಂಜೆಯವರೆಗೆ ಕಂಡವರು ಬರೆದದ್ದನ್ನು ಹೊಲಿದು ಹೊಲಿದು, ನಾನೂ ಬರೆದು ಲೋಕದ ಮೇಲೆ ಇನ್ನಷ್ಟು ಭಾರ ಹಾಕುವುದು ಬೇಡ ಎನ್ನಿಸುತ್ತದೆ, ಅಷ್ಟೇ.

ಮೊದಲು ಆ ಕ್ಯಾಲೆಂಡರಿಗೆ ಕತ್ತರಿ ಹಾಕುವುದನ್ನು ನಿಲ್ಲಿಸು. ಮಾದರಿಗೆ ಒಂದು ಹಲಗೆ ಮಾಡಿ ಇದರ ಜೊತೆ ಕಳಿಸಿದ್ದೇನೆ. ಒಂದೊಂದು ಪಟ್ಟಿಗೂ ಎರಡೆರಡು ರಟ್ಟು. ಅವನ್ನು ಸಮಸಮವಾಗಿ ಅಂಟಿಸದೆ ಬೆರಳಗಲ ಸರಿಸಿ ಅಂಟಿಸಿದ್ದೇನೆ. ಹಾಗಾಗಿ ಒಂದು ಪಟ್ಟಿಯ ಅಂಚು ಇನ್ನೊಂದರ ಅಂಚಿನ ಮೇಲೆ ಕೂರುತ್ತದೆ. ನದಿಯ ಕಡೆಯಿಂದ ಎಳೆದರೆ ಸಲೀಸಾಗಿ ಬರುತ್ತದೆ, ಊರಿನ ಕಡೆಯಿಂದ ಎಳೆದರೆ ಬರುವುದಿಲ್ಲ. ನದಿಗೆ ಮಾತ್ರ ತಿನ್ನಲು ಅಧಿಕಾರ, ಮಕ್ಕಳಿಗಿಲ್ಲ. ರಟ್ಟಿಗೂ ಎಳೆ ಎಂಬುದು ಇರುತ್ತದೆ, ಉದ್ದಕ್ಕೆ ಬರುವಂತೆ ನೋಡಿಕೊಂಡಿದ್ದೇನೆ. ಎಳೆ ಅಡ್ಡ ಬಂದರೆ ಅಂಟು ಆರುವಾಗ ಹಲಗೆ ದೋಣಿಯಂತೆ ಬಾಗಿ, ನಿನ್ನ ಪಟ್ಟಣ ತಾನಾಗಿಯೇ ತೇಲಿಹೋಗುತ್ತದೆ. ಇದು ಸರಿಯಿದ್ದರೆ ತಿಳಿಸು, ಇನ್ನು ನಾಲ್ಕು ಮಾಡುತ್ತೇನೆ.

ಕಳಿಸುವ ಮೊದಲು ಆಡಿ ನೋಡಿದೆ. ಎಡಗೈ ನೇಕಾರರು, ಬಲಗೈ ದೋಣಿಯವರು. ಎಡಗೈ ಮೋಸ ಮಾಡಿ ಗೆದ್ದಿತು. ಕೆಳಗಿನ ಛಾಪಖಾನೆಯ ಮಷೀನು ಈಚೆಗೆ ಸದ್ದು ಮಾಡುತ್ತಿಲ್ಲ, ರಿಪೇರಿಯಂತೆ. ಹಾಗಾಗಿ ನಿಶ್ಚಿಂತೆಯಿಂದ ಆಡಲು ಆಯಿತು.

ನಿನ್ನ ಪತ್ರದ ಜೊತೆ ಬಂದ ದಾರಿಯ ನಕ್ಷೆ ನೀನು ಬರೆದದ್ದಲ್ಲ. ನಿನ್ನ ಗೆರೆ ನನಗೆ ಗೊತ್ತಿಲ್ಲವೇ, ಅಳತೆಪಟ್ಟಿ ಹಿಡಿದರೂ ಅಂಕುಡೊಂಕು. ಯಾರು ಬರೆದುಕೊಟ್ಟರು?

ಬರುವ ವಿಚಾರ ನೋಡೋಣ. ಇಲ್ಲಿ ಕೆಲಸ ತಲೆಯ ಮೇಲಿದೆ.

ಅತ್ತೆ

ಜುಲೈ ೪

ಅತ್ತೆಯವರಿಗೆ,

ಹಲಗೆ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೊಂದು ಪಟ್ಟಿ ಎಳೆದು ನೋಡಿ, ಸಿಕ್ಕಿಸಿ, ಮತ್ತೆ ಎಳೆದು, ನನ್ನ ಕೈಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದ ನಾಲ್ಕೂ ಹೀಗೇ ಇರಲಿ.

ಮೊದಲ ದಿನ ಬೆಂಚುಗಳನ್ನು ಜೋಡಿಸಿ ಆಡಿಸಿದೆ. ನದಿ ಒಂದು ಪಟ್ಟಿ ತಿಂದಾಗಲೆಲ್ಲ ಅವರು ಹಾಕುವ ಕೂಗಿಗೆ ಪಕ್ಕದ ತರಗತಿಯ ಗಣಿತ ನಿಂತುಹೋಯಿತು. ಹೆಡ್‌ಮಿಸ್ ಗಂಟುಮುಖ ಹಾಕಿಕೊಂಡು ಒಳಗೆ ಬಂದರು. ಕುಂಬಾರರ ಗುಂಪಿನವನೊಬ್ಬ ತಲೆಯನ್ನೂ ಎತ್ತದೆ, "ಅಲ್ಲಿ ನಿಲ್ಬೇಡಿ ಮಿಸ್, ನದಿ ಬಂದ್ಬಿಡ್ತು" ಅಂದ. ಅವರು ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬೈಯಲು ಬಂದದ್ದು ಅವರಿಗೆ ನೆನಪಾಗಲಿಲ್ಲ.

ಬಾಗಿಲನ್ನು ಮಾತ್ರ ಯಾರೂ ಗಾಡಿಗೆ ಹಾಕಲಿಲ್ಲ. ಮೂರು ಜಾಗ ದಂಡ, ಹೊಸ ಊರಲ್ಲಿ ಹೊಸದು ಮಾಡಿಸಿಕೊಂಡರಾಯಿತು ಎಂದು ನಕ್ಕರು. ಶನಿವಾರ ಅವರನ್ನು ಹಳೇ ಬೀದಿಗೆ ಕರೆದುಕೊಂಡು ಹೋದೆ. ಅಲ್ಲಿಯ ನಾಲ್ಕಾರು ಬಾಗಿಲುಗಳಲ್ಲಿ ಎರಡೆರಡು ಸಾಲು ಕೀಲಿನ ಗುರುತು. ಒಂದು ಸಾಲು ಈಗಿನ ಕೀಲಿನದು, ಇನ್ನೊಂದು ಬೇರೆ ಯಾವುದೋ ಮನೆಯ ಗೋಡೆಗೆ ಹೊಂದುತ್ತಿದ್ದುದು. ಅವರೆಲ್ಲ ಬಾಗಿಲನ್ನು ಕಳಚಿಕೊಂಡೇ ಬಂದಿದ್ದರು ಅತ್ತೆ. ಮಕ್ಕಳು ಆ ತೂತುಗಳೊಳಗೆ ಬೆರಳು ತೂರಿಸಿ ನಿಂತುಬಿಟ್ಟರು. ಪಾಠ ಹೇಳಿ ಇಷ್ಟು ಮೌನವನ್ನು ನಾನು ಯಾವತ್ತೂ ಸಂಪಾದಿಸಿರಲಿಲ್ಲ.

ನಕ್ಷೆ ಬರೆದವರು ನಮ್ಮ ಶಾಲೆಯ ಭೂಗೋಳದ ಮೇಷ್ಟ್ರು. ಹಳೇ ಬೀದಿಗೂ ಅವರು ಬಂದಿದ್ದರು. ಶಾಲೆ ಬಿಟ್ಟ ಮೇಲೆ ಆಟದ ಸಾಮಾನುಗಳ ಚೀಟಿಗಳನ್ನು ಕತ್ತರಿಸಲು ಕೂರುತ್ತಾರೆ. ಮಾತು ಕಡಿಮೆ. ಒಂದು ಚೀಟಿ ಡೊಂಕಾದರೂ ಇಡೀ ಹಾಳೆಯನ್ನು ಮತ್ತೆ ಶುರುಮಾಡುತ್ತಾರೆ, ನಿಮ್ಮ ಹಾಗೆಯೇ.

ನಿಮ್ಮ ಸೊಸೆ

ಜುಲೈ ೧೫

ಟೀಚರಮ್ಮ,

ಉಳಿದ ನಾಲ್ಕು ಹಲಗೆ ಕಳಿಸಿದ್ದೇನೆ. ಚೀಟಿಗಳಿಗೆ ಡಬ್ಬಿಯನ್ನೂ ಮಾಡಿದ್ದೇನೆ. ಮುಚ್ಚಳ ಬಿಗಿ ಎನಿಸಿದರೆ ಬಲವಂತ ಮಾಡಬೇಡ, ಎರಡು ದಿನದಲ್ಲಿ ತಾನೇ ಹದಕ್ಕೆ ಬರುತ್ತದೆ.

ಇಪ್ಪತ್ತು ಸಾಲಿಗೊಮ್ಮೆ ಹೆಡ್‌ಮಿಸ್ ಬರುತ್ತಿದ್ದ ನಿನ್ನ ಪತ್ರದಲ್ಲಿ ಈ ಸಲ ಭೂಗೋಳ ತುಂಬಿಕೊಂಡಿದೆ. ಒಳ್ಳೆಯದೇ. ಅಷ್ಟು ನೇರ ಗೆರೆ ಎಳೆಯುವವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ? ನನ್ನ ಮಗನಿಗೆ ಒಂದು ಗೆರೆಯೂ ನೆಟ್ಟಗೆ ಬರುತ್ತಿರಲಿಲ್ಲ, ಪಾಪ. ಚಿಕ್ಕವನಿದ್ದಾಗ ನನ್ನ ರಟ್ಟಿಗೆ ಗುರುತು ಹಾಕುತ್ತೇನೆಂದು ಬಂದು ಒಂದು ಕಟ್ಟು ಹಾಳು ಮಾಡಿದ್ದ. ಬೈದೆ. ಆ ರಟ್ಟಿನ ಚೂರುಗಳಲ್ಲೇ ಮನೆ ಕಟ್ಟಿ ನನಗೆ ತಂದುಕೊಟ್ಟ.

ಬಾಗಿಲಿನ ಕೀಲಿನ ಮಾತು ಓದಿ, ಎದ್ದು ಹೋಗಿ ನನ್ನ ಬಾಗಿಲಿನ ಕೀಲನ್ನೂ ಮುಟ್ಟಿ ನೋಡಿದೆ. ಅಂದಹಾಗೆ, ನಿನ್ನ ಆ ಮುಂದಿನ ಕೋಣೆಯ ಬಾಗಿಲು ಎಷ್ಟು ಅಗಲ? ನನ್ನ ಪುಸ್ತಕ ಒತ್ತುವ ಪ್ರೆಸ್ಸು ಬೀಡುಕಬ್ಬಿಣದ್ದು, ಎರಡೂವರೆ ಅಡಿ. ಅದನ್ನು ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ. ಸುಮ್ಮನೆ ಕೇಳಿದೆ, ಅದಕ್ಕೆ ಜಾಗವೆಂದು ನೆಲದ ಮೇಲೆ ಏನೂ ಗುರುತು ಹಾಕಬೇಡ.

ಅತ್ತೆ

ಜುಲೈ ೨೮

ಅತ್ತೆಯವರಿಗೆ,

ತಡವಾಯಿತು. ಈ ಎರಡು ವಾರ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಆಟದಲ್ಲಿ ಒಂದು ತೊಡಕು ಎದ್ದಿದೆ. ಅಜ್ಜಿಯದು. ಅಜ್ಜಿ ಎರಡು ಜಾಗ ಹಿಡಿಯುತ್ತಾಳೆ, ಅಂಕ ಕೊಡುವುದಿಲ್ಲ. ಮಗ್ಗ ತಂದರೆ ಅಂಕ, ಬೀಜ ತಂದರೆ ಅಂಕ, ಈಗ ಬಾಗಿಲಿಗೂ ಅಂಕ ಇಟ್ಟಿದ್ದೇನೆ. ಅಜ್ಜಿಗೆ ಏನು ಅಂಕ ಇಡುವುದೆಂದು ತಿಳಿಯದೆ ಹಾಗೆಯೇ ಬಿಟ್ಟಿದ್ದೆ. ಮಕ್ಕಳು ಬಹಳ ಬೇಗ ಲೆಕ್ಕ ಹಾಕಿಬಿಟ್ಟರು. ಐದು ಗುಂಪಿನಲ್ಲೂ ಅಜ್ಜಿ ದಂಡೆಯ ಮೇಲೆಯೇ ಉಳಿದಳು. ಪಟ್ಟಿ ಎಳೆದಾಗ ಅವಳ ಚೀಟಿ ಜಾರಿ ಬೆಂಚಿನ ಕೆಳಗೆ ಬಿತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಕಸ ಗುಡಿಸುವಾಗ ನನಗೆ ಸಿಕ್ಕಿತು.

ಮಕ್ಕಳನ್ನು ಬೈಯುವುದು ಹೇಗೆ? ಅವರು ನನ್ನ ನಿಯಮದಂತೆ ನ್ಯಾಯವಾಗಿಯೇ ಆಡಿದ್ದಾರೆ. ನಾನೇ ಒಂದು ಸಲ ಆಡಿ ನೋಡಿದೆ, ಗೆಲ್ಲಬೇಕಾದರೆ ಅಜ್ಜಿಯನ್ನು ಬಿಡಲೇಬೇಕಾಯಿತು. ಸುಮ್ಮನೆ ಅಂಕ ಅಂಟಿಸಿದರೆ ಅದು ಲಂಚ ಕೊಟ್ಟಂತೆ. ಚೀಟಿಯನ್ನೇ ತೆಗೆದುಬಿಡಲೇ ಎಂದೂ ಯೋಚಿಸಿದೆ. ಏನು ಮಾಡಲಿ ಹೇಳಿ. ಈ ವಿಷಯ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮುಂದಿನ ಕೋಣೆಯ ವಿಚಾರ ಈಗಲೇ ಬರೆಯಲಾರೆ. ಸ್ವಲ್ಪ ಯೋಚಿಸಬೇಕಾದದ್ದು ಇದೆ. ನೀವು ತಪ್ಪು ತಿಳಿಯಬಾರದು.

ನಿಮ್ಮ ಸೊಸೆ

ಆಗಸ್ಟ್ ೭

ಸೊಸೆಗೆ,

ಪತ್ರ ತಲುಪಿತು. ಅಜ್ಜಿಯ ತೊಡಕು ಅಷ್ಟೇನೂ ದೊಡ್ಡದಲ್ಲ. ಗಾಡಿ ಹೊರಡುವ ಮೊದಲು ಅಜ್ಜಿ ತಾನಾಗಿಯೇ ಇಳಿದುಹೋಗುತ್ತಾಳೆ ಎಂದು ನಿಯಮ ಮಾಡು. ವಯಸ್ಸಾದವರಿಗೆ ಗಾಡಿಯಲ್ಲಿ ಎಷ್ಟು ಜಾಗವಿದೆ ಎಂಬುದು ಎಲ್ಲರಿಗಿಂತ ಮೊದಲು ಕಾಣುತ್ತದೆ. ಹೇಳಿಸಿಕೊಳ್ಳುವವರೆಗೆ ಕೂತಿರುವುದಿಲ್ಲ. ಆಗ ಮಕ್ಕಳಿಗೂ ಪಾಪ ಅಂಟುವುದಿಲ್ಲ, ಆಟವೂ ನಿಲ್ಲುವುದಿಲ್ಲ.

ಹಿಂದಿನ ಡಬ್ಬಿಯ ಅಳತೆ ನನ್ನಲ್ಲಿದೆ, ಅಜ್ಜಿಯಿಲ್ಲದ ಚೀಟಿಗಳಿಗೆ ಚಿಕ್ಕ ಡಬ್ಬಿ ಬೇಕೆಂದರೆ ಮಾಡಿ ಕಳಿಸುತ್ತೇನೆ.

ಕೋಣೆಯ ಬಗ್ಗೆ ಯೋಚಿಸುವುದು ಬೇಡ. ಬಾಗಿಲನ್ನು ಅಳೆಯುವುದೂ ಬೇಡ. ನಾನು ಬರುತ್ತೇನೆಂದು ಎಲ್ಲಿಯೂ ಹೇಳಿರಲಿಲ್ಲ. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ.

ಊಟ ಹೊತ್ತುಹೊತ್ತಿಗೆ ಮಾಡು.

ಅತ್ತೆ

ಆಗಸ್ಟ್ ೧೬

ಅತ್ತೆಯವರಿಗೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. 'ಟೀಚರಮ್ಮ' ಎಂಬ ಕರೆ ಇಲ್ಲದ ನಿಮ್ಮ ಪತ್ರ ಇದೇ ಮೊದಲು. ನೀವು ನೊಂದುಕೊಂಡಿದ್ದೀರಿ. ಕಾರಣ ನನಗೆ ಗೊತ್ತು. ನಾನು ಬಾಯಿಬಿಟ್ಟು ಹೇಳದಿದ್ದರೂ ನಿಮಗೆ ಅರ್ಥವಾಗಿದೆ. ನಿಮ್ಮಿಂದ ಯಾವುದನ್ನು ಮುಚ್ಚಿಡಲು ಸಾಧ್ಯ?

ನಿಮ್ಮನ್ನು ನೋಯಿಸಿ ನನಗೆ ಯಾವ ಸುಖವೂ ಬೇಡ. ಆ ವಿಚಾರವನ್ನು ಇಲ್ಲಿಗೇ ಮುಗಿಸುತ್ತೇನೆ. ಇನ್ನು ಅದರ ಮಾತು ಎತ್ತುವುದಿಲ್ಲ. ನೀವೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ನಿಮ್ಮ ಸೊಸೆ

ಸೆಪ್ಟೆಂಬರ್ ೨

ಅತ್ತೆಯವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಕಾರ್ಡು ಕೂಡ ಇಲ್ಲ. ಅಂಚೆಯವನು ಗೇಟಿನ ಮುಂದೆ ಸೈಕಲ್ಲು ನಿಲ್ಲಿಸದೆ ಹೋದಾಗಲೆಲ್ಲ ಅವನ ಮೇಲೆ ಸಿಟ್ಟು ಬರುತ್ತದೆ. ನೀವು ಬರೆಯದಿದ್ದರೂ ನಾನು ಬರೆಯುತ್ತೇನೆ. ಎರಡು ಮಾತು ಹೇಳಬೇಕು, ಮೊದಲನೆಯದು ತರಗತಿಯದು.

ಅಜ್ಜಿ ತಾನೇ ಇಳಿದುಹೋಗುತ್ತಾಳೆ ಎಂಬ ನಿಮ್ಮ ನಿಯಮವನ್ನು ಮಕ್ಕಳ ಮುಂದಿಟ್ಟೆ. ಮೊದಲ ದಿನ "ಏನೇನ್ ಸಾಮಾನು" ಎಂದು ಕೇಳಿದ ಹುಡುಗಿ ಇದ್ದಳಲ್ಲ, ಅವಳು ದೋಣಿಯವರ ಗಾಡಿ ಹೊಡೆಯುತ್ತಿದ್ದಳು. ತಟಕ್ಕನೆ, "ಅದು ಸುಳ್ಳು ಮಿಸ್" ಅಂದಳು. ತರಗತಿಯೆಲ್ಲ ನನ್ನ ಮುಖ ನೋಡಿತು. ಅವಳು ಗಾಡಿಯ ಮುಂದಿದ್ದ ತನ್ನ ಕಾಯಿಯನ್ನು ಎತ್ತಿ ಕೆಳಗೆ, ಎತ್ತುಗಳ ಪಕ್ಕಕ್ಕೆ ಇಟ್ಟಳು. ಆ ಖಾಲಿ ಜಾಗದಲ್ಲಿ ಅಜ್ಜಿಯ ಚೀಟಿ ಕೂರಿಸಿದಳು. "ನಾನು ಇಳಿದು ನಡೀತೀನಿ. ಅಜ್ಜಿ ಇಲ್ಲಿ ಕೂತ್ಕೊಳ್ಲಿ. ಒರಗಿಕೊಳ್ಳಕ್ಕೆ ಹಿಂದೆ ಮೂಟೆ ಇದೆ."

ಹೊಡೆಯುವವರು ನಡೆದರೆ ಗಾಡಿ ನಿಧಾನವಾಗುತ್ತದೆ ಎಂದೆ. ಆಗಲಿ ಎಂದಳು. ಅವಳು ಎಲ್ಲರಿಗಿಂತ ಕೊನೆಗೆ ಮುಟ್ಟಿದಳು, ನದಿ ಅವಳ ಹಿಂದಿನ ಪಟ್ಟಿಯವರೆಗೆ ಬಂದಿತ್ತು. ಸೋತದ್ದಕ್ಕೆ ಬೇಸರವೇನೂ ಇರಲಿಲ್ಲ. ಮುಂದಿನ ಸಲ ಆಡಿದಾಗ ಇನ್ನೂ ಎರಡು ಗಾಡಿಯವರು ಇಳಿದು ನಡೆದರು, ಅದರ ಮುಂದಿನ ಸಲ ಎಲ್ಲರೂ. ಆಟ ತೀರಾ ನಿಧಾನವಾಯಿತು. ಒಬ್ಬರು ಹಿಂದೆ ಬಿದ್ದರೆ ಇನ್ನೊಬ್ಬರು ಕಾಯುತ್ತಿದ್ದರು.

ಊರ ಹೆಬ್ಬಾಗಿಲಿನ ಕಲ್ಲು ನಿಮಗೆ ನೆನಪಿದೆಯೇ? ಅಮಾವಾಸ್ಯೆಗೆ ಹೊರಟು ಹುಣ್ಣಿಮೆಗೆ ಸೇರಿದರು ಎಂದು ಅದರಲ್ಲಿ ಕೆತ್ತಿದ್ದಾರೆ. ಗುಡ್ಡದ ದಾರಿ ಎರಡು ದಿನದ್ದು. ಅಷ್ಟು ತಡ ಯಾಕಾಯಿತು ಎಂಬುದಕ್ಕೆ ಪುಸ್ತಕ 'ರಸ್ತೆ ಸರಿಯಿರಲಿಲ್ಲ' ಎನ್ನುತ್ತದೆ. ಆ ಹುಡುಗಿ, "ಎಲ್ಲರೂ ಇಳಿದು ನಡ್ಕೊಂಡು ಬಂದಿರ್ಬೇಕು" ಎನ್ನುತ್ತಾಳೆ. ಯಾವ ದಾಖಲೆಯೂ ಇಲ್ಲ. ಆದರೂ ನಾನು ಅದನ್ನು ಬೋರ್ಡಿನ ಮೇಲೆ ಪುಸ್ತಕದ ಉತ್ತರದ ಪಕ್ಕದಲ್ಲೇ ಬರೆದೆ, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಇನ್ನು ಎರಡನೆಯ ಮಾತು. ಮುಗಿಸುತ್ತೇನೆ ಎಂದಿದ್ದೆ, ಹೇಳದೆ ಮುಗಿಸುವುದು ಆಗುತ್ತಿಲ್ಲ. ಜುಲೈನಲ್ಲಿ ಭೂಗೋಳದ ಮೇಷ್ಟ್ರು ನನ್ನನ್ನು ಮದುವೆಯಾಗುವಿರಾ ಎಂದು ಕೇಳಿದರು. ಚೀಟಿ ಕತ್ತರಿಸುತ್ತಾ ಕತ್ತರಿಸುತ್ತಾ ಕೇಳಿದರು, ಅವತ್ತು ಅವರ ಚೀಟಿ ಡೊಂಕಾಯಿತು. ನನಗೆ ಅವರು ಬೇಕು ಅತ್ತೆ. ಸುಳ್ಳು ಹೇಳಿ ಏನು ಮಾಡಲಿ? ಆದರೆ ಇನ್ನೊಬ್ಬರ ಮನೆಯವಳಾದರೆ ನಿಮಗೆ ನಾನು ಏನಾಗುತ್ತೇನೆ ಎಂದು ಯೋಚಿಸಿ ಯೋಚಿಸಿ ಉತ್ತರ ಸಿಗಲಿಲ್ಲ. ನಾನು ಮದುವೆಯಾದರೆ ನೀವು ಆ ಕೋಣೆಗೆ ಬರುವಿರೋ ಇಲ್ಲವೋ ಎಂದೇ ಅವತ್ತು ಅದರ ವಿಚಾರ ಬರೆಯಲಾಗದೆ ಹೋದದ್ದು. ಮಗನಿಗೆ ಗೆರೆ ನೆಟ್ಟಗೆ ಬರುತ್ತಿರಲಿಲ್ಲ ಎಂದು ನೀವು ಬರೆದಾಗಲೇ ನಿಮಗೆ ಸುಳಿವು ಸಿಕ್ಕಿದೆ ಎಂದುಕೊಂಡೆ. ಆಗಸ್ಟಿನ ಪತ್ರ ಬಂದಾಗ ಖಾತ್ರಿಯಾಯಿತು. ಅವರಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಯಾಕೆ ಎಂದು ಕೇಳಲಿಲ್ಲ. ಮರುದಿನವೂ ಬಂದು ಮಾಸಿದ್ದ ನಕ್ಷೆಯನ್ನು ತಿದ್ದಿಕೊಟ್ಟು ಹೋದರು.

ನಾನು ಇಲ್ಲ ಎಂದದ್ದು ನಿಮಗಾಗಿ. ಅದನ್ನು ನಿಮ್ಮ ಮೇಲೆ ಹೊರಿಸುತ್ತಿಲ್ಲ. ನಿಮ್ಮನ್ನು ಕಳೆದುಕೊಂಡು ಬದುಕುವುದು ನನಗೆ ಬರುವುದಿಲ್ಲ, ಅಷ್ಟೇ ಹೇಳಬೇಕಿತ್ತು.

ನಿಮ್ಮ ಸೊಸೆ

ಸೆಪ್ಟೆಂಬರ್ ೧೧

ನನ್ನ ಪೆದ್ದು ಟೀಚರಮ್ಮನಿಗೆ,

ಮೊದಲು ನನ್ನ ಪೆದ್ದುತನ ಕೇಳು, ನಿನ್ನದು ಆಮೇಲೆ.

ಆ ಅಜ್ಜಿ ನಾನು ಎಂದುಕೊಂಡೆ. ಎರಡು ಜಾಗ ಹಿಡಿಯುತ್ತಾಳೆ, ಅಂಕ ಕೊಡುವುದಿಲ್ಲ, ಏನು ಮಾಡಲಿ ಹೇಳಿ, ನಿಮಗಿಂತ ಚೆನ್ನಾಗಿ ಬಲ್ಲವರು ಯಾರು ಎಂದು ಬರೆದಿದ್ದೆಯಲ್ಲ. ಅದರ ಕೆಳಗೇ ಕೋಣೆಯ ವಿಚಾರ ಯೋಚಿಸಬೇಕು ಎಂದು. ನೇರವಾಗಿ ಬೇಡ ಎನ್ನಲಾರದೆ ಆಟದ ನೆಪದಲ್ಲಿ ಹೇಳುತ್ತಿದ್ದಾಳೆ, ಓದಿದವಳು, ನಯವಾಗಿ ಹೇಳುತ್ತಾಳೆ ಎಂದುಕೊಂಡೆ. ಆಮೇಲೆ 'ಕಾರಣ ನನಗೆ ಗೊತ್ತು' ಎಂದು ಇನ್ನೊಂದು ಪತ್ರ ಬಂತು. ಅದನ್ನು ಓದಿ ಮಡಿಸಿಟ್ಟು ಎರಡು ದಿನ ಅಂಟಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಅತ್ತುಬಿಟ್ಟೆ. ಅತ್ತದ್ದನ್ನು ಬರೆದು ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ.

ಭೂಗೋಳದ ಮೇಷ್ಟ್ರ ವಿಷಯ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಸುಮ್ಮನೆ ರೇಗಿಸಿದ್ದೆ. ಮಗನ ಗೆರೆಯ ಮಾತು ಬರೆದದ್ದು, ಅವನನ್ನು ನೆನೆದು ನಗಬಲ್ಲವಳು ನನ್ನ ಬಿಟ್ಟರೆ ನೀನೊಬ್ಬಳೇ ಎಂದು. ಅದರಲ್ಲಿ ನೀನು ಚುಚ್ಚುಮಾತು ಹುಡುಕಿದೆ. ನಾವಿಬ್ಬರೂ ಸೇರಿದರೆ ಒಂದು ಪತ್ರವನ್ನು ನೆಟ್ಟಗೆ ಓದುವವರಿಲ್ಲ.

ಇನ್ನೂ ಒಂದು ಮುಚ್ಚಿಟ್ಟಿದ್ದೆ. ಕೆಳಗಿನ ಮಷೀನು ರಿಪೇರಿಗೆ ಹೋಗಿರಲಿಲ್ಲ. ಛಾಪಖಾನೆ ಮುಚ್ಚಿದೆ. ಕಟ್ಟಡ ಮಾರಾಟವಾಗಿದೆ, ಈ ತಿಂಗಳ ಕೊನೆಗೆ ನಾನೂ ಖಾಲಿ ಮಾಡಬೇಕು. ಜೂನಿನಲ್ಲಿ ನೀನು ಕರೆದಾಗಲೇ ಓಡಿಬರಬೇಕು ಎನ್ನಿಸಿತ್ತು. ಗತಿಯಿಲ್ಲದೆ ಬಂದಳು ಅನ್ನಿಸಿಕೊಳ್ಳಬಾರದು, ಇಷ್ಟಪಟ್ಟು ಬಂದಳು ಅನ್ನಿಸಿಕೊಳ್ಳಬೇಕು ಎಂಬ ಜಂಬ. ಅದಕ್ಕೇ ಕೆಲಸ ತಲೆಯ ಮೇಲಿದೆ ಎಂದು ಬರೆದೆ. ನಿನ್ನ ಐದು ಹಲಗೆಗಳನ್ನು ಬಿಟ್ಟರೆ ನನ್ನ ಮೇಜಿನ ಮೇಲೆ ಬೇರೆ ಕೆಲಸವೇ ಇರಲಿಲ್ಲ. ಆಗಸ್ಟಿನ ನಿನ್ನ ಪತ್ರದ ನಂತರ ತಂಗಿಯ ಮನೆಗೆ ಹೋಗುವುದು ಎಂದು ನಿಶ್ಚಯಿಸಿದೆ. ಅಲ್ಲಿ ಪ್ರೆಸ್ಸಿಗೆ ಜಾಗವಿಲ್ಲ, ಗುಜರಿಯವನಿಗೆ ಬರಹೇಳಿದ್ದೆ. ಅವನು ಬರುವ ಹಿಂದಿನ ದಿನ ನಿನ್ನ ಪತ್ರ ಬಂತು. ಅವನನ್ನು ಬರಿಗೈಯಲ್ಲಿ ಕಳಿಸಿದೆ, ಬಾಯಿಗೆ ಬಂದಂತೆ ಬೈದುಕೊಂಡು ಹೋದ.

ಈಗ ನಿನ್ನ ಪ್ರಶ್ನೆ. ಇನ್ನೊಬ್ಬರ ಮನೆಯವಳಾದರೆ ನನಗೆ ಏನಾಗುತ್ತೀಯ? ಸೊಸೆ ಎಂಬುದು ನನ್ನ ಮಗನ ಕಡೆಯಿಂದ ನಿನಗೆ ಬಂದ ಹೆಸರು. ಅವನಿಲ್ಲದ ಈ ನಾಲ್ಕು ವರ್ಷ ಪ್ರತಿ ಪತ್ರದಲ್ಲೂ ಬನ್ನಿ ಎಂದು ಕರೆದವಳು ನೀನು, ಅವನು ಹೇಳಿ ಕರೆಸಿದ್ದಲ್ಲ. ಅದಕ್ಕೆ ಹೆಸರು ಬೇಕಾದರೆ ಆಮೇಲೆ ಹುಡುಕೋಣ. ಅವನ ನೆನಪು ನನಗೆ ದಿನಾ ಆಗುತ್ತದೆ. ಆದರೆ ನಿನ್ನನ್ನು ಆ ದಂಡೆಯ ಮೇಲೆ ಕೂರಿಸಿ ಕಾಯಿಸುವಷ್ಟು ಕೆಟ್ಟವನಲ್ಲ ನನ್ನ ಮಗ. ನಾಳೆಯೇ ಹೋಗಿ ಮೇಷ್ಟ್ರಿಗೆ ಹೂಂ ಎನ್ನು. ಒಂದನ್ನು ಮಾತ್ರ ನೋಡಿಕೋ, ಅವರು ಇಳಿದು ನಡೆಯುವ ಪೈಕಿಯೋ ಅಲ್ಲವೋ ಎಂದು. ನೇರ ಗೆರೆ ಯಾರು ಬೇಕಾದರೂ ಎಳೆಯುತ್ತಾರೆ.

ಆ ಹುಡುಗಿಗೆ ಹೇಳು, ನಿಯಮ ಮಾಡಿದ ಮುದುಕಿ ಸುಳ್ಳು ಹೇಳಿದ್ದು ನಿಜ. ಇಳಿದುಹೋಗುವ ಅಜ್ಜಿಗೆ ಯಾರಾದರೂ ಕೈ ಹಿಡಿದು ಕೂರಿಸಿಕೊಳ್ಳಲಿ ಎಂದೇ ಇರುತ್ತದೆ.

ಹಾಗಿದ್ದರೆ ನಾನು ಬರುತ್ತೇನೆ. ನನಗೆ ಗಾಡಿಯ ಮುಂದಿನ ಜಾಗ 'ಕೂತ್ಕೊಳ್ಲಿ' ಎಂದು ಯಾರೂ ಬಿಟ್ಟುಕೊಡುವುದು ಬೇಡ. ಹಿಂದೆಯೇ ಎರಡು ಜಾಗ ಬೇಕು, ಒಂದು ನನಗೆ, ಒಂದು ಪ್ರೆಸ್ಸಿಗೆ. ನಿಮ್ಮ ಗಾಡಿ ನಿಧಾನವಾಗುತ್ತದೆ, ಈಗಲೇ ತಿಳಿದಿರಲಿ. ಅದಿರಲಿ, ಬಾಗಿಲಿನ ಅಗಲ ಎಷ್ಟು ಎಂದು ಜುಲೈನಲ್ಲಿ ಕೇಳಿದ್ದೆ. ಇನ್ನೂ ಹೇಳಿಲ್ಲ ನೀನು.

ಅತ್ತೆ

ಸೆಪ್ಟೆಂಬರ್ ೧೮

ಅತ್ತೆ,

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲೇ ಒಡೆದೆ, ಮನೆಯವರೆಗೆ ಕಾಯಲಾಗಲಿಲ್ಲ. ನಾನು ಒಟ್ಟೊಟ್ಟಿಗೆ ನಗುವುದನ್ನೂ ಅಳುವುದನ್ನೂ ನೋಡಿ ಹೆಡ್‌ಮಿಸ್ ನೀರು ತರಿಸಿದರು. ಅಲ್ಲಿಂದ ನೇರವಾಗಿ ನಕ್ಷೆಯ ಕೋಣೆಗೆ ಹೋಗಿ ಹೂಂ ಅಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಇನ್ನೊಂದು ಸಲ ಹೇಳ್ತೀರಾ" ಅಂದರು. ಹೇಳಿದೆ.

ಪರೀಕ್ಷೆ ಮುಗಿಯಿತು. ಅಂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಆದರೆ ಪಟ್ಟಣದ ಪ್ರಶ್ನೆಗೆ ಐದು ಸಾಲಿನ ಬದಲು ಎಲ್ಲರೂ ಪುಟಗಟ್ಟಲೆ ಬರೆದಿದ್ದಾರೆ, ಶಾಲೆಯಲ್ಲಿ ಹೆಚ್ಚುವರಿ ಹಾಳೆ ಮುಗಿದುಹೋಯಿತು. ಕಾಗದ ದಂಡ ಎಂದು ಹೆಡ್‌ಮಿಸ್ ಗೊಣಗಿದರು. ಹಲಗೆಯನ್ನು ಮಾತ್ರ ಬೀರುವಿಗೆ ಹಾಕಲಿಲ್ಲ. ನಿನ್ನೆ ಯಾರೂ ಇಲ್ಲವೆಂದುಕೊಂಡು ಒಬ್ಬರೇ ಆಡುತ್ತಿದ್ದರು, ಬಾಗಿಲ ಸಂದಿಯಿಂದ ನೋಡಿದೆ. ಅಜ್ಜಿಯನ್ನು ಮುಂದೆ ಕೂರಿಸಿ ತಾವು ಇಳಿದಿದ್ದರು.

ಇನ್ನು ಕೋಣೆಯ ಬಾಗಿಲು. ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಮೇಷ್ಟ್ರಿಗೆ ಓದಿ ಹೇಳಿದೆ. ಸಂಜೆ ಅಳತೆಪಟ್ಟಿ ಹಿಡಿದುಕೊಂಡು ಬಂದರು. ಬಾಗಿಲು ಪೂರ್ತಿ ತೆರೆದರೂ ಒಂದು ಅಂಗುಲ ಸಾಲದು, ಬಾಗಿಲ ಹಲಗೆಯ ದಪ್ಪವೇ ಅಡ್ಡ ಬರುತ್ತದೆ. ಇನ್ನೇನು ಮಾಡುವುದು ಎಂದು ನಾನು ಯೋಚಿಸುತ್ತಾ ನಿಂತಿದ್ದೆ. ಅವರು ಪಕ್ಕದ ಮನೆಯಿಂದ ತಿರುಪುಳಿ ತಂದು, ಕೀಲು ಬಿಚ್ಚಿ, ಇಡೀ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದರು. ಈಗ ಪ್ರೆಸ್ಸು ಸಲೀಸಾಗಿ ಹಿಡಿಯುತ್ತದೆ. ನೀವು 'ನೋಡಿಕೋ' ಎಂದದ್ದನ್ನು ನಾನು ನೋಡಿದೆ ಅತ್ತೆ.

ಸಣ್ಣಗೆ ಮಳೆ ಶುರುವಾಗಿದೆ. ಬೀದಿಯ ಬಾಗಿಲಿಲ್ಲದೆ ಎರಚಲು ಒಳಗೆಲ್ಲ ಹೊಡೆಯುತ್ತಿದೆ. ನೀವು ಬರುವವರೆಗೆ ಅದನ್ನು ಮತ್ತೆ ಕೂರಿಸುವುದಿಲ್ಲವಂತೆ. ಬೇಗ ಬನ್ನಿ.

ನಿಮ್ಮ ಟೀಚರಮ್ಮ